ಅರ್ತಿನ ಕಂಬಿಗೆ ಮೂರೆಳೆ ವಿಭೂತಿ

ನನಗೆ ವಿಜ್ಞಾನ ಬರುವುದಿಲ್ಲ ಅನ್ನೋದು ಗುಟ್ಟೇನಲ್ಲ. ಹದಿನಾರನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸಿನ ಮಿಕ್ಕೆಲ್ಲ ಪಾಸು ಮಾಡಿ, ಅದೊಂದರಲ್ಲಿ ಫೇಲಾದವಳು ನಾನು. ನಲವತ್ತೊಂದರಲ್ಲಿ ಅದೇ ಪುಸ್ತಕ ಮತ್ತೆ ಹಿಡಿದೆ. ನಾನು ಮಾಗಿದ್ದೆ ಅಂತ ಅದೇನೂ ಸುಲಭವಾಗಿರಲಿಲ್ಲ.

ಹಿಡಿಯಬೇಕಾಗಿ ಬಂದದ್ದಕ್ಕೆ ಕಾರಣ ಇದೆ. ತಿಗನಾರೆ ಊರಿನ ಪಕ್ಕದ ಒಂದು ಶಾಲೆಯಲ್ಲಿ ಮಧ್ಯಾಹ್ನದೂಟಕ್ಕೆ ಅಡುಗೆ ಮಾಡುವವಳು ನಾನು. ನಮ್ಮನ್ನು ನೋಡಿಕೊಳ್ಳುವ ಮೇಲ್ವಿಚಾರಕಿ ಈ ವರ್ಷ ನಿವೃತ್ತಿ. ಆ ಕುರ್ಚಿ ಬೇಕೆಂದರೆ ಹತ್ತನೇ ಕ್ಲಾಸು ಪಾಸಾಗಿರಬೇಕು. ಇಲ್ಲದಿದ್ದರೆ ಬೇರೆ ಯಾರೋ ಬಂದು ಕೂರುತ್ತಾರೆ, ನಾನು ಭುಜದ ನೋವಿಟ್ಟುಕೊಂಡು ಸೌಟು ತಿರುವುತ್ತಲೇ ಇರಬೇಕು. ನನಗೆ ಆ ಕುರ್ಚಿಯ ಮೇಲೆ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಒಲೆಯ ಹಿಂದಿನ ಗೋಡೆಗೆ ಚೀಟಿ ಅಂಟಿಸಿಕೊಂಡು ಓದಿದೆ. ಬಿಸಿ ಮುಚ್ಚಳ ಮುಟ್ಟಿದ ಕೈ ತಟ್ಟನೆ ಹಿಂದಕ್ಕೆ ಬರುತ್ತದಲ್ಲ, ಅದು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲವಂತೆ. ಮಿದುಳುಬಳ್ಳಿಯೇ ಆಜ್ಞೆ ಕೊಟ್ಟುಬಿಡುತ್ತದಂತೆ. ಇಷ್ಟು ವರ್ಷ ಕೈ ಸುಟ್ಟುಕೊಂಡವಳಿಗೆ ಯಾರೂ ಹೇಳಿರಲಿಲ್ಲ. ದಿಂಬಂ ಘಾಟಿಯಲ್ಲಿ ಬಸ್ಸು ತಿರುಗಿದಾಗ ಪಕ್ಕದವರ ಮೇಲೆ ಬೀಳುವುದು ಜಡತ್ವದಿಂದ. ನಾನು ಪಾಪ, ಡ್ರೈವರನ್ನು ಬೈಯುತ್ತಿದ್ದೆ. ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನು. ಮಕ್ಕಳಿಗೆ ದಿನಾ ರಾಶಿ ಮೊಟ್ಟೆ ಸುಲಿದುಕೊಟ್ಟರೂ ಶಿವಭಕ್ತರ ಮನೆಯವಳು, ಒಂದನ್ನೂ ಬಾಯಿಗಿಟ್ಟವಳಲ್ಲ. ಪುಸ್ತಕ ಹೇಳಿದ್ದನ್ನು ನಂಬಿಕೊಂಡೆ, ಅಷ್ಟೆ.

ಸಿಕ್ಕಿಬಿದ್ದದ್ದು ವಿದ್ಯುತ್ ಮಂಡಲದಲ್ಲಿ. "ವಿದ್ಯುತ್ತು ಹರಿಯುವ ಮುಚ್ಚಿದ ಪಥ" ಅಂತ ಒಪ್ಪಿಸುತ್ತಿದ್ದೆ. ಪಾಠ ಕೇಳುತ್ತಿದ್ದ ಒಂಬತ್ತನೇ ಕ್ಲಾಸಿನ ಮಗಳು, "ಅಂಗಂದ್ರೇನವ್ವ?" ಅಂದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಿದ್ದೆ. ಅವಳು ತಲೆ ಚಚ್ಚಿಕೊಂಡು ಎದ್ದುಹೋಗುತ್ತಿದ್ದಳು.

ನಮ್ಮ ಹೊಲಕ್ಕೆ ಈ ವರ್ಷ ಸೋಲಾರ್ ಬೇಲಿ ಹಾಕಿಸಿದ್ದೇವೆ. ಆನೆ, ಹಂದಿ ಮುಟ್ಟಿದರೆ ಚುರ್ರೆನ್ನಿಸಿ ಓಡಿಸುತ್ತದೆ, ಕೊಲ್ಲುವುದಿಲ್ಲ. ಮನೆ ಹಿಂದಿರುವ ಅದರ ಪೆಟ್ಟಿಗೆಯಿಂದ ಒಂದು ತಂತಿ ಬೇಲಿಗೆ ಹೋಗುತ್ತದೆ, ಇನ್ನೊಂದು ನೆಲಕ್ಕೆ ಹೊಡೆದ ಕಬ್ಬಿಣದ ಕಂಬಿಗೆ. ಆ ಕಂಬಿಗೆ ಅರ್ತು ಅನ್ನುತ್ತೇವೆ. ಬೇಸಿಗೆಯಲ್ಲಿ ದಿನಾ ಸಂಜೆ ಅದರ ಬುಡಕ್ಕೆ ಎರಡು ಬಿಂದಿಗೆ ನೀರು ಹುಯ್ಯಬೇಕೆಂದು ಬೇಲಿ ಹಾಕಿದವರು ಹೇಳಿಹೋಗಿದ್ದರು. ನಾನು ಹುಯ್ಯುತ್ತಿದ್ದೆ. ಯಾಕೆ ಅಂತ ಕೇಳಿದವಳಲ್ಲ.

ಪರೀಕ್ಷೆಗೆ ಎಂಟು ದಿನ ಇದ್ದಾಗ ಬಿಂದಿಗೆ ಎತ್ತಿಕೊಂಡು ಹೋಗುತ್ತೇನೆ, ಕಂಬಿಗೆ ಮೂರೆಳೆ ವಿಭೂತಿ! ಬುಡದಲ್ಲಿ ತುಂಬೆ ಹೂವು. ನಮ್ಮತ್ತೆ ಕೈಮುಗಿದು ನಿಂತಿದ್ದಾರೆ. ತಿಂಗಳಿಂದ ನಾನು ನೀರು ಹುಯ್ಯುವುದನ್ನು ನೋಡಿ, ಪಾಸಾಗಲಿ ಅಂತ ಸೊಸೆ ಏನೋ ಹರಕೆ ಹೊತ್ತಿದ್ದಾಳೆ ಎಂದುಕೊಂಡು, ತಮ್ಮದೂ ಒಂದು ಕೈ ಸೇರಿಸಿದ್ದರು. ಮೊದಲು ನಗು ಬಂತು. ಆಮೇಲೆ ಅಳುವೇ ಬಂತು.

"ಅತ್ತೆ, ಇದು ದೇವ್ರಲ್ಲ, ಬೇಲಿ ಅರ್ತು."

"ದೇವ್ರಲ್ದಿದ್ರ ನೀರ್ಯಾಕಮ್ಮಿ ಉಯ್ತಿಯೆ?"

"ಉಯ್ಯದಿದ್ರೆ ಆನೆಗೆ ಕರೆಂಟು ಸರ್ಯಾಗಿ ಒಡಿಯಲ್ಲ."

"ಆನ ಮುಟ್ಟದು ಅಲ್ಲಿ ತಂತಿಯ. ನೀನು ಉಯ್ಯದು ಇಲ್ಲಿ ಕಂಬಿಗ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಸರ್ಯಾಗಿ ಏಳು."

ಮುಚ್ಚಿದ ಪಥ ಅಂದರೆ ಬಿಡುವ ಹೆಂಗಸಲ್ಲ ಇವರು. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚಿದೆ. ಪೆಟ್ಟಿಗೆಯಿಂದ ತಂತಿ, ತಂತಿಯಿಂದ ಆನೆಯ ಸೊಂಡಿಲು, ಅಲ್ಲಿಂದ ಕಾಲು, ಕಾಲಿಂದ ನೆಲ. ನೆಲದೊಳಗೇ ಬಂದು ಈ ಕಂಬಿ ಹತ್ತಿ ಮತ್ತೆ ಪೆಟ್ಟಿಗೆ. ಕಡ್ಡಿ ಹೊರಟ ಜಾಗಕ್ಕೇ ಬಂದು ಮುಟ್ಟಿತು. ಮಣ್ಣು ಒಣಗಿದ್ದರೆ ದಾರಿ ಕಷ್ಟ, ಒದ್ದೆಯಿದ್ದರೆ ಸಲೀಸು. ಆ ಕಷ್ಟಕ್ಕೇ ಪುಸ್ತಕದವರು ರೋಧ ಅಂತ ಹೆಸರಿಟ್ಟಿರುವುದು. "ಅಯ್ಯೋ ಶಿವನೇ, ಇಷ್ಟೇನಾ!" ಅಂತ ಕೂಗಿಬಿಟ್ಟೆ.

ಅತ್ತೆ ಗೆರೆಯನ್ನೇ ನೋಡುತ್ತಿದ್ದವರು, "ಅಂಗಾರ, ಆನ ಎಕ್ಕಡ ಆಕ್ಕಂಡ್ ಬಂದ್ರ?" ಅಂದರು.

ಹೊಡೆಯುವುದಿಲ್ಲ! ಕಾಲಿಗೂ ನೆಲಕ್ಕೂ ನಡುವೆ ಚಪ್ಪಲಿ ಬಂದರೆ ಪಥ ಕಡಿದುಹೋಯಿತು, ಅದೇ ತೆರೆದ ಮಂಡಲ! ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಮುಂದಿನ ಪುಟಕ್ಕೆ ನನಗಿಂತ ಮೊದಲೇ ಹೋಗಿದ್ದರು.

ಉಳಿದ ದಿನಗಳಲ್ಲಿ ಓದುವುದನ್ನು ಬಿಟ್ಟು ಅತ್ತೆಗೆ ಪಾಠ ಹೇಳಿದೆ. ಹೃದಯಕ್ಕೆ ನಾಲ್ಕು ಕೋಣೆ ಅಂದರೆ, ನಡುವೆ ಗೋಡೆ ಯಾಕೆ ಅಂದರು. ಒಳ್ಳೆ ರಕ್ತ ಕೆಟ್ಟ ರಕ್ತ ಬೆರೆಯದಿರಲಿ ಅಂತ, ಅನ್ನುವುದನ್ನು ಹುಡುಕಿಕೊಂಡು ನಾನೇ ಪುಸ್ತಕಕ್ಕೆ ಓಡಬೇಕಾಯಿತು. ಅವರು ಕೇಳಿದ ಒಂದೊಂದೂ ನನ್ನ ತಲೆಯಲ್ಲಿ ಕೂತಿತು, ಬಾಯಿಪಾಠ ಮಾಡಿದ್ದು ಪರೀಕ್ಷೆಯ ಬಾಗಿಲಲ್ಲೇ ಹಾರಿಹೋಯಿತು.

ಫಲಿತಾಂಶ ಮೊಬೈಲಿಗೆ ಬಂತು. ಅರವತ್ತೊಂದು. ಕುರ್ಚಿಗೆ ಅರ್ಜಿ ಬರೆಯಲು ಕೂರುವ ಮುಂಚೆ ಅತ್ತೆ ಹತ್ತಿರ ಓಡಿದೆ. ಅವರು ರಾಗಿ ಕೇರುವುದನ್ನು ನಿಲ್ಲಿಸಿ ಕೇಳಿದರು:

"ಅದ್ರಲ್ಲಿ ನಂದೆಷ್ಟಮ್ಮಿ?"

ನಗಲಿಲ್ಲ ನಾನು. ಪಾಸಾಗಲು ಬೇಕಾದದ್ದು ಮೂವತ್ತೈದು. ಅಷ್ಟನ್ನು ಅವರಿಗೆ ಕೊಟ್ಟೆ. ಅತ್ತೆ ಪಾಸು, ಇಪ್ಪತ್ತಾರು ಉಳಿಸಿಕೊಂಡ ನಾನು ಮತ್ತೆ ಫೇಲು. ನ್ಯಾಯವಾಗಿ ನೋಡಿದರೆ ಅದೇ ಸರಿ.