ನಾಲ್ಕನೇ ನಂಬರಿನ ಓಕೆ

ಓಕೆ ಎಂಬ ಒಂದು ಮಾತು ದಿನಕ್ಕೆ ಎಷ್ಟು ವೇಷ ಹಾಕುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ನನ್ನ ಅಕ್ಕ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳು ನಾಲ್ಕಕ್ಕೆ. ಇಬ್ಬರ ಇಂಗ್ಲಿಷು ಸೇರಿಸಿದರೂ ಒಂದು ಮುಷ್ಟಿ ತುಂಬುವುದಿಲ್ಲ. ಆದರೆ ಈ ಮಾತಿನ ಒಳಗು ಹೊರಗು ಅವಳಿಗೆ ಗೊತ್ತಿರುವಷ್ಟು ಯಾವ ಮೇಷ್ಟರಿಗೂ ಗೊತ್ತಿರಲಾರದು.

"ನಿಮ್ಮ ಭಾವ ಓಕೆ ಅಂದ್ರು ಅಂದ್ರೆ ಆ ಕೆಲಸ ಕೆಟ್ಟಿತು ಅಂತಾನೇ ಲೆಕ್ಕ ಕಣೋ," ಎನ್ನುತ್ತಾಳೆ. ನನ್ನ ಮಗಳು ಓಕೆ ಎಂದು ಬಾಗಿಲು ಹಾಕಿಕೊಂಡರೆ ಜಗಳ ಈಗ ಶುರುವಾಯಿತು ಎಂದು. ಸಿನಿಮಾ ಓಕೆ ಎಂದರೆ ನೋಡಿದವನು ಅರ್ಧಕ್ಕೇ ನಿದ್ದೆ ಹೋಗಿದ್ದ ಎಂದು. ಮ್ಯಾನೇಜರು ಫೋನಿನಲ್ಲಿ ಓಕೆ ಓಕೆ ಓಕೆ ಎಂದರೆ ಸಾಕು ಫೋನಿಡು ಎಂದು. ಸೂಪರ್‌ವೈಸರು "ಓಕೆನಾ?" ಎಂದು ಎಳೆದರೆ ಅದು ಪ್ರಶ್ನೆಯೇ ಅಲ್ಲ, ಬಾಯಿ ಮುಚ್ಚು ಎಂಬ ಅಪ್ಪಣೆ. ಎಲೆಕ್ಟ್ರಿಷಿಯನ್ "ಈಗ ಓಕೆ" ಎಂದು ಹೋದ ಬೆನ್ನಿಗೇ ಸ್ವಿಚ್ಚು ಮುಟ್ಟಿ ನಾನು ಗೋಡೆಗೆ ಬಡಿದುಕೊಂಡದ್ದೂ ಉಂಟು.

ಅಕ್ಕನ ಓಕೆ ರಬ್ಬರಿನದು. ನಾವಿಬ್ಬರೂ ಅಲ್ಯೂಮಿನಿಯಂ ಏಣಿ ಮಾಡುವ ಕಾರ್ಖಾನೆಯಲ್ಲಿದ್ದೇವೆ. ಮೆಟ್ಟಿಲನ್ನು ಕಂಬಕ್ಕೆ ಸೇರಿಸಿ ರಿವೆಟ್ ಹೊಡೆಯುವುದು ನನ್ನ ಕೆಲಸ. ತಯಾರಾದ ಏಣಿ ನೋಡಿ, ಕಂಬದ ಒಳಬದಿಗೆ ಕೆಂಪು ಮಸಿಯಲ್ಲಿ ಓಕೆ ಎಂಬ ಮುದ್ರೆ ಹೊಡೆಯುವುದು ಅವಳದು. ಮುದ್ರೆಯ ಕೆಳಗೆ ನಾಲ್ಕು ಎಂಬ ಅಂಕಿ. ಅದು ಅವಳ ನಂಬರು. ಬೇರೆ ಚೆಕ್ಕರುಗಳು ಏಣಿಯನ್ನು ಅಲ್ಲಾಡಿಸಿ ನೋಡುತ್ತಾರೆ. ಅಕ್ಕ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮೂರನೇ ಮೆಟ್ಟಿಲಿನ ತುದಿಗೆ ಹಿಮ್ಮಡಿ ಊರಿ ಎರಡು ಸಲ ಕುಕ್ಕುತ್ತಾಳೆ. ಮೈಯಲ್ಲಿ ದಪ್ಪ. "ಅಕ್ಕ ಹತ್ತಿದ ಏಣಿ ಮೇಲೆ ಆನೆ ಹತ್ತಿಸಬಹುದು," ಎಂದು ಲಾರಿಯವರು ನಗುತ್ತಾರೆ. "ಮೊದ್ಲು ನೀನು ಹತ್ತಪ್ಪ, ಆನೆ ಆಮೇಲೆ ಬರ್ಲಿ," ಎಂದು ಇವಳು. ಹದಿನೇಳು ವರ್ಷ ಹೀಗೇ ನಡೆಯಿತು.

ರಿವೆಟ್ ಹೊಡೆಯುವ ನಾವು ಹತ್ತಿಪ್ಪತ್ತು ರಿವೆಟ್ಟುಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತೇವೆ, ಎರಡೂ ಕೈ ಬಿಡುವಾಗಿರಲಿ ಎಂದು. ಉದ್ದ ಯಾವುದು, ಗಿಡ್ಡ ಯಾವುದು ಎಂದು ನಾಲಿಗೆಗೆ ಗೊತ್ತಾಗುತ್ತದೆ; ಅಳತೆಪಟ್ಟಿ ಯಾರೂ ಮುಟ್ಟುವುದಿಲ್ಲ. ಆ ದಿನ ಬೆಳಿಗ್ಗೆ ನಾನು ದವಡೆ ಹಲ್ಲು ಕೀಳಿಸಿಕೊಂಡು ನೇರ ಕೆಲಸಕ್ಕೆ ಬಂದಿದ್ದೆ. ಸೂಜಿಮದ್ದಿಗೆ ಅರ್ಧ ಬಾಯಿ ಮರದ ಹಲಗೆಯಂತಾಗಿತ್ತು. ಸ್ಟೂಲಿಗೆ ಹಾಕುವ ಗಿಡ್ಡ ರಿವೆಟ್ಟಿನ ತಟ್ಟೆಗೆ ಕೈ ಹೋಯಿತು, ನಾಲಿಗೆ ಎಚ್ಚರಿಸಲಿಲ್ಲ. ಮಧ್ಯಾಹ್ನದೊಳಗೆ ಅರವತ್ತು ಏಣಿ ಹೊಡೆದು ಮುಗಿಸಿದೆ. ಹೊರಗಿನಿಂದ ನೋಡಿದರೆ ಕನ್ನಡಿಯಂತಿದ್ದವು.

ಅಕ್ಕ ಮೊದಲನೆಯದನ್ನು ಹತ್ತಿದಳು, ಕುಕ್ಕಿದಳು, ಇಳಿದಳು. ಎರಡನೆಯದು. ಐದನೆಯದು. ಮುದ್ರೆಯನ್ನು ಮಸಿಡಬ್ಬಿಯ ಪಕ್ಕ ಮಗುಚಿಟ್ಟಳು.

"ಯಾವುದೂ ಆಗಲ್ಲ."

ಲಾರಿ ಗೇಟಿನಲ್ಲಿ ನಿಂತಿತ್ತು. ಸೂಪರ್‌ವೈಸರು ಓಡಿಬಂದ. "ಏನಮ್ಮಾ, ನಿನ್ನ ತಮ್ಮನೇ ಹೊಡೆದಿರೋದು! ಓಕೆ ಹೊಡಿ, ಲೋಡಾಗ್ಲಿ."

"ತಮ್ಮ ಹೊಡೆದ್ರೆ ಏಣಿ ಗಟ್ಟಿ ಆಗ್ಬಿಡುತ್ತಾ ಸಾರ್?"

ನನ್ನ ತಲೆ ಕೆಟ್ಟಿತು. ಇಪ್ಪತ್ತೆರಡು ವರ್ಷ ರಿವೆಟ್ ಹೊಡೆದ ಕೈ ನನ್ನದು. ಎಲ್ಲರ ಎದುರು, ಒಡಹುಟ್ಟಿದವಳು! "ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಕಾಯ್ತಿದ್ಯಾ?" ಎಂದು ಕೂಗಿದೆ. ಅರ್ಧ ಬಾಯಿಯಿಂದ ಮಾತಿಗಿಂತ ಎಂಜಲೇ ಹೆಚ್ಚು ಬಂತು.

"ಒರೆಸ್ಕೋ," ಎಂದಳು. "ಒರೆಸ್ಕೊಂಡು ಹತ್ತು."

ಹತ್ತಿದೆ, ಸಿಟ್ಟಿನಲ್ಲೇ. ಮೂರನೇ ಮೆಟ್ಟಿಲಿನಲ್ಲಿ ಕುಕ್ಕಿದೆ. ಕಾಲ ಕೆಳಗೆ ಮೆಟ್ಟಿಲು ಒಂದು ಕೂದಲೆಳೆಯಷ್ಟು ತಿರುಗಿತು. ಇನ್ನೊಮ್ಮೆ ಕುಕ್ಕುವ ಧೈರ್ಯವಾಗಲಿಲ್ಲ. ಇಳಿದು ತಟ್ಟೆ ನೋಡಿದೆ. ಸ್ಟೂಲಿನದು.

"ತಪ್ಪು ನಂದೇ ಸಾರ್. ಗಿಡ್ಡ ರಿವೆಟ್ಟು, ಕಂಬಾನ ಪೂರ್ತಿ ಹಿಡಿದಿಲ್ಲ."

"ಗೊತ್ತಾಯ್ತಲ್ಲ, ನಾಳೆಯಿಂದ ಉದ್ದದ್ದು ಹಾಕು," ಎಂದ ಆತ. "ಈಗ ನೀನು ಓಕೆ ಹೊಡೀತೀಯೋ ಇಲ್ವೇನಮ್ಮ? ಇಲ್ಲಾಂದ್ರೆ ಮುದ್ರೆ ಇಲ್ಲಿಟ್ಟು ಪ್ಯಾಕಿಂಗಿಗೆ ನಡಿ. ನಾನೇ ಹೊಡ್ಕೋತೀನಿ."

"ನಾಲ್ಕು ಅಂದ್ರೆ ನಾನು. ಅದನ್ನ ನೀವು ಹೆಂಗೆ ಹೊಡೀತೀರಿ? ಬೇಕಾದ್ರೆ ಮೇಲೆ ಹತ್ತಿ, ನಿಮ್ಮ ಹೆಸರು ಬರೀರಿ."

ಆತ ಏಣಿಯನ್ನು ನೋಡಿದ. ಹತ್ತಲಿಲ್ಲ. ಮುದ್ರೆಗೆ ಕೈ ಹಾಕಿದ.

ನಾನು ಡ್ರಿಲ್ಲು ಎತ್ತಿಕೊಂಡೆ. ಒಂದು ಏಣಿ ಎಳೆದು ಬೆಂಚಿಗೆ ಹಾಕಿ ಮೊದಲ ರಿವೆಟ್ಟಿನ ತಲೆ ಹಾರಿಸಿದೆ. ಮೆಟ್ಟಿಲು ಕಳಚಿ ನೆಲಕ್ಕೆ ಬಿತ್ತು. ಅಕ್ಕ ಬಂದು ಕಂಬದ ಇನ್ನೊಂದು ತುದಿ ಹಿಡಿದಳು.

"ಏಯ್, ನಿಲ್ಸೋ! ಇಬ್ಬರನ್ನೂ ಮನೆಗೆ ಕಳಿಸ್ತೀನಿ!"

"ಕಳಿಸಿ ಸಾರ್. ಇದನ್ನ ಮುಗಿಸ್ಕೊಂಡು ಹೋಗ್ತೀವಿ," ಎಂದಳು ಅಕ್ಕ.

ಹತ್ತನೆಯ ಏಣಿ ಬಿಚ್ಚುವ ಹೊತ್ತಿಗೆ ಇನ್ನಿಬ್ಬರು ರಿವೆಟ್ಟಿನವರು ತಮ್ಮ ಡ್ರಿಲ್ಲು ತಂದರು. ಲಾರಿ ಖಾಲಿ ಹೋಯಿತು.

ಮನೆಗೇನೂ ಕಳಿಸಲಿಲ್ಲ. ನಾಲ್ವರನ್ನು ಒಟ್ಟಿಗೆ ಕಳಿಸಿದರೆ ರಿವೆಟ್ ಹೊಡೆಯುವವರು ಯಾರು? ಆದರೆ ಅಕ್ಕನ ಮುದ್ರೆ ಕಿತ್ತುಕೊಂಡು ಪ್ಯಾಕಿಂಗಿಗೆ ಹಾಕಿದರು. ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಮುದ್ರೆ ವಾಪಸು ಎಂದು ಮ್ಯಾನೇಜರು ಹೇಳಿ ಕಳಿಸಿದ.

ಅವಳ ಅಡುಗೆಮನೆಯಲ್ಲಿ ಕೂತು ನಾನೇ ಬರೆದೆ, ಅವಳು ಹೇಳಿದಳು.

"ಬರಿ. ಏಣಿ ಸರಿ ಇರಲಿಲ್ಲ. ನಾನು ಹತ್ತಿ ನೋಡಿದೆ. ನೀವು ಹತ್ತಿ ನೋಡಲಿಲ್ಲ."

"ಕ್ಷಮಿಸಿ ಅನ್ನೋದು ಎಲ್ಲಿ ಹಾಕ್ಲಿ?"

"ಅದನ್ಯಾಕೆ ಹಾಕ್ತೀಯ? ತಪ್ಪು ನಿಂದು, ನೀನು ಒಪ್ಕೊಂಡೆ. ನಂದೇನಿದೆ?"

"ಮುದ್ರೆ ಸಿಗಲ್ಲ ಅಕ್ಕ."

"ಸಿಗದಿದ್ರೆ ಬೇಡ. ಕೊಡು ಇಲ್ಲಿ." ಸಹಿ ಹಾಕಿದಳು.

ಮರುದಿನ ತಾನೇ ಹೋಗಿ ಆ ಕಾಗದವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಪ್ಯಾಕಿಂಗಿಗೆ ನಡೆದಳು. ಎರಡು ತಿಂಗಳಾಯಿತು. ಕ್ಷಮಿಸಿ ಎಂದು ಇನ್ನೊಂದು ಪತ್ರ ಬರಿ ಎಂದು ಮ್ಯಾನೇಜರನ ಕಡೆಯಿಂದ ಮೂರು ಸಲ ಆಳು ಬಂದ. ಮೂರು ಸಲವೂ ಬರಿಗೈಯಲ್ಲಿ ಹೋದ.