ಶಿವಗಂಗಾ ಮೇಡಂ ಕೊಡದ ಬೂಷ್ಟು

"ಕೈಲಿ ಮದ್ದಿಟ್ಕೊಂಡು ಒಡಹುಟ್ಟಿದ ಅಣ್ಣನಿಗೇ ಕೊಡ್ಲಿಲ್ಲ ಕಣಪ್ಪ ಆ ಹೆಂಗಸು" ಎಂದು ಬಿಳಿಗೆರೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಆ ಲ್ಯಾಬಿನ ಬಾಗಿಲು ದಾಟಿದವರಲ್ಲ. ನಾನು ಅಲ್ಲಿ ಎರಡು ವರ್ಷ ಶಿವಗಂಗಾ ಮೇಡಂ ಕೈಕೆಳಗೆ ಪ್ಲೇಟು ತೊಳೆದವಳು, ದಿನಾ ಅವರ ಜೊತೆ ವಾದ ಮಾಡಿದವಳು. ನನ್ನ ಮೊದಲ ತಕರಾರು ಇಷ್ಟೇ: ಅವರ ಕೈಲಿದ್ದದ್ದು ಮದ್ದೇ ಅಲ್ಲ.

ಅದು ಬೂಷ್ಟು. ತೆಂಗಿನ ಬೇರು ಕೊಳೆಸಿ, ಬುಡದಲ್ಲಿ ಕಂದು ರಸ ಸೋರಿಸಿ, ಕೊನೆಗೆ ಮರವನ್ನೇ ಕೆಡವುವ ಅಣಬೆ ರೋಗದ ಬೂಷ್ಟು. ಅದರ ಯಾವ ಜೀನ್ ಬೇರಿನೊಳಗೆ ನುಗ್ಗಲು ದಾರಿ ಮಾಡಿಕೊಡುತ್ತದೆ ಎಂಬುದು ಮೇಡಂ ಬೆನ್ನು ಹತ್ತಿದ ಪ್ರಶ್ನೆ. ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಗಿಡಕ್ಕೆ ಗಾಯವಾದರೆ ವಾಸನೆ ಹಿಡಿದು ಬಂದು ತನ್ನ ಡಿಎನ್‌ಎ ತುಣುಕೊಂದನ್ನು ಅದರೊಳಗೆ ಸೇರಿಸುತ್ತದೆ. ಮೇಡಂ ಆ ತುಣುಕಿನ ಜಾಗದಲ್ಲಿ ತಮಗೆ ಬೇಕಾದ್ದನ್ನಿಟ್ಟು, ಗಾಯದ ವಾಸನೆಯ ರಾಸಾಯನಿಕ ಬೆರೆಸಿ, ಅದನ್ನು ಬೂಷ್ಟಿನ ಮೇಲೆ ಬಿಡುತ್ತಿದ್ದರು. ತುಣುಕು ಹೋಗಿ ಎಲ್ಲೋ ಒಂದು ಜೀನ್ ಮುರಿಯುತ್ತದೆ. ಆಮೇಲೆ ಆ ಬೂಷ್ಟು ರೋಗ ತರಲಾರದೆ ಹೋದರೆ, ಮುರಿದ ಜೀನೇ ಕಳ್ಳ.

ಮೇಡಂ ಬೆಳಿಗ್ಗೆ ಬಂದವರು ಬೆಳೆದದ್ದನ್ನು ಕೇಳುತ್ತಲೇ ಇರಲಿಲ್ಲ. "ಸಾಯ್ಬೇಕಾದ್ದು ಸತ್ತಿದ್ಯಾ? ಅದ್ ಹೇಳು ಮೊದ್ಲು." ಆ ತುಣುಕಿನಲ್ಲಿ ಔಷಧಿ ತಡೆಯುವ ಜೀನ್ ಕೂಡ ಇತ್ತು; ಅದು ಸೇರಿದ ಬೂಷ್ಟು ಮಾತ್ರ ಬೂಷ್ಟು ಕೊಲ್ಲುವ ಔಷಧಿ ಹಾಕಿದ ಪ್ಲೇಟಿನಲ್ಲಿ ಬದುಕಬೇಕು, ಉಳಿದದ್ದು ಸಾಯಬೇಕು. ಒಂದು ಸಲ ನಲವತ್ತು ಪ್ಲೇಟಿನಲ್ಲೂ ಬೆಳ್ಳಗೆ ಎದ್ದಿತ್ತು. ನಾನು ಫೋಟೊ ತೆಗೆದು ಮನೆಗೂ ಕಳಿಸಿಬಿಟ್ಟಿದ್ದೆ. ಮೇಡಂ ತುಣುಕು ಸೇರಿಸದ ಬೂಷ್ಟನ್ನು ಹೋಲಿಕೆಗೆಂದು ಹಾಕಿದ್ದ ಮೂಲೆಯ ಪ್ಲೇಟು ಎತ್ತಿದರು. ಸಾಯಬೇಕಾದದ್ದೂ ಅಲ್ಲಿ ಸುಖವಾಗಿ ಬೆಳೆದಿತ್ತು, ಔಷಧಿ ಸಾಲದಾಗಿತ್ತು.

"ಇದ್ರಲ್ಲಿ ಕೆಲವಾದ್ರೂ ನಿಜ ಇರ್ಬೋದಲ್ವಾ ಮೇಡಂ?"

"ಇರ್ಬೋದು. ಯಾವ್ದು ಅಂತ ತೋರ್ಸು."

ಔಷಧಿ ಹೆಚ್ಚಿಸಿ ಮತ್ತೆ ಹಾಕಿದೆ. ನಲವತ್ತೂ ಸತ್ತವು. "ಈಗ ಶುರು ಮಾಡಣ" ಎಂದು ಮೇಡಂ ಕೋಟಿನ ತೋಳು ಮಡಚಿದರು. ನಾಲ್ಕು ತಿಂಗಳ ಕೆಲಸ ಹೋದದ್ದಕ್ಕೆ ಅವರು ಆಡಿದ ಮಾತು ಅಷ್ಟೇ.

ಮರುವರ್ಷ ಒಂದು ಬೂಷ್ಟು ಸಿಕ್ಕಿತು. ಬೇರೆ ಕುಂಡಗಳ ತೆಂಗಿನ ಸಸಿಯೆಲ್ಲ ಬೇರು ಕೊಳೆತು ಬಿದ್ದರೂ ಅದನ್ನು ಹಾಕಿದ್ದ ಸಸಿಗಳು ಹಸಿರಾಗಿಯೇ ನಿಂತವು. ಸುದ್ದಿ ಊರಿಗೆ ಹೋಯಿತು. ಮೇಡಂ ಅಣ್ಣ ಮಲ್ಲಣ್ಣ ಬಿಳಿಗೆರೆಯಿಂದ ಬಂದರು. ಅವರ ತೋಟದಲ್ಲಿ ನಾಲ್ಕು ಮರ ಹೋಗಿದ್ದವು, ಐದನೆಯದರ ಬುಡ ಸೋರುತ್ತಿತ್ತು.

"ಗಂಗಾ, ಆ ಹಲ್ಲು ಕಿತ್ತಿರೋದನ್ನ ಕೊಡು. ಬುಡಕ್ಕೆ ಹಾಕ್ತೀನಿ. ಸಾಧು ಬಂದು ಕೂತ್ರೆ ಕಳ್ಳಂಗೆ ಜಾಗ ಎಲ್ಲೈತೆ?"

ವಾದ ದಡ್ಡತನದ್ದಲ್ಲ. ನಾನಾದರೂ ಅದನ್ನೇ ಕೇಳುತ್ತಿದ್ದೆ.

"ಜೀನ್ ಬದಲಾಯ್ಸಿದ್ದನ್ನ ಹೊರಗೆ ಬಿಡಂಗಿಲ್ಲ ಅಣ್ಣಯ್ಯ."

"ಕಾನೂನು ಬುಡು. ನೀನ್ ಹೇಳು."

"ಕುಂಡದಲ್ಲಿ ಸಾಧು. ತೋಟದಲ್ಲಿ ಏನಾಗುತ್ತೋ ನಂಗೊತ್ತಿಲ್ಲ. ಪಕ್ಕದೋರ ಮರಕ್ಕೆ ಹೋದ್ರೆ ವಾಪಸ್ ಕರಿಯೋಕಾಗಲ್ಲ."

"ಸಾಯೋ ಮರಕ್ಕೆ ಇನ್ನೇನಾಗ್ಬೇಕವ್ವ" ಎಂದು ಮಲ್ಲಣ್ಣ ಗೇಟಿನೆದುರು ನಿಂತಿದ್ದ ತಿಪಟೂರು ಬಸ್ಸಿಗೆ ನಡೆದರು.

ಊರವರ ಕಥೆ ಇಲ್ಲಿಗೆ ಮುಗಿಯುತ್ತದೆ. ಮುಂದಿನ ಭಾನುವಾರ ಮೇಡಂ ನನ್ನನ್ನೂ ಕರೆದುಕೊಂಡು ಬಿಳಿಗೆರೆಗೆ ಹೋಗಿ ಗುದ್ದಲಿ ಹಿಡಿದದ್ದನ್ನು ಯಾರೂ ಹೇಳುವುದಿಲ್ಲ. ಸೋರುವ ಮರದ ಬೇರು ಪಕ್ಕದ ಮರಕ್ಕೆ ತಾಗದಂತೆ ಸುತ್ತ ಆಳವಾಗಿ ಕಾಲುವೆ ತೋಡಬೇಕು. ಮಲ್ಲಣ್ಣ ಬದುವಿನ ಮೇಲೆ ಕೂತಿದ್ದರು. ತಂಗಿ ಸೊಂಟದಾಳ ಇಳಿಯುವವರೆಗೂ ತೋಡಿದರು. ನನ್ನ ಅಂಗೈಯ ಬೊಬ್ಬೆ ಒಡೆದದ್ದನ್ನು ತೋರಿಸಿದರೆ, "ಇನ್ನೂ ಅರ್ಧ ಸುತ್ತು ಐತೆ, ಮಣ್ಣೆತ್ತು" ಎಂದರು. ಪ್ರಾಜೆಕ್ಟು ಮುಗಿದಿತ್ತು, ಆ ವಾರವೇ ಅವರು ದೂರದ ಇನ್ನೊಂದು ಲ್ಯಾಬಿಗೆ ಹೊರಟುಹೋದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಕಾಲುವೆಯೊಳಗೇ.

ಅಣ್ಣ ನೀರು ಕುಡಿಯಲು ಎದ್ದು ಹೋದಾಗ ಅವರು ತಲೆಯೆತ್ತದೆ ಹೇಳಿದರು: "ಅವತ್ತು ಅಣ್ಣಯ್ಯ ಅತ್ತ ಹೋದ್ಮೇಲೆ ಆ ಪ್ಲೇಟು ಸೆರಗಲ್ಲಿ ಮುಚ್ಕೊಂಡು ಗೇಟಿನ ತನಕ ಹೋಗಿದ್ದೆ ಕಣೇ. ಬಸ್ಸು ಹೊರಟೋಗಿತ್ತು."

ನಾನು ಮಣ್ಣೆತ್ತುವುದು ಬಿಟ್ಟು ಕೇಳಿದೆ:

"ಬಸ್ಸು ಅಲ್ಲೇ ನಿಂತಿದ್ದಿದ್ರೆ, ಮೇಡಂ?"