ಐದು ಸಹಿಯ ಸುವಾರ್ತೆ

ನಮ್ಮ ಸಭೆಯ ಹಿರಿಯರು ತಪ್ಪು ಮಾಡಿದ್ದಾರೆ: ಸುವಾರ್ತೆ ಸಾರುವುದಕ್ಕೂ ಫಾರ್ಮು ತಂದಿದ್ದಾರೆ. ವಾರಕ್ಕೆ ಐದು ಜನರಿಗೆ ಯೇಸುವಿನ ಮಾತು ಹೇಳಿ, ಕೇಳಿದವರ ಸಹಿ ತರಬೇಕು. ತರದವರ ಹೆಸರನ್ನು ಭಾನುವಾರ ಎಲ್ಲರೆದುರು ಓದುತ್ತಾರೆ.

ಶನಿವಾರವಾದರೂ ನನ್ನ ಫಾರ್ಮು ಖಾಲಿಯಿತ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದವನಿಗೆ ಹೇಳಲು ಶುರುಮಾಡಿದೆ. ಮಚ್ಛೆಯ ಕಾರ್ಖಾನೆಯೊಂದರ ಕೆಲಸಗಾರ. ಅವನೂ ಚೀಲದಿಂದ ತನ್ನ ಸಭೆಯ ಫಾರ್ಮು ತೆಗೆದ.

"ನಾನೂ ಕ್ರೈಸ್ತನ ಅದೀನ್ರಿ. ಮೊದಲ ನಂದಕ್ಕ ಸಹಿ ಹಾಕ್ರಿ."

"ಅಲ್ಲೋ ಮಾರಾಯಾ, ನಾ ಯೇಸುನ್ನ ನಂಬಿ ರಕ್ಷಣೆ ಹೊಂದಿ ಇಪ್ಪತ್ತ ವರ್ಷ ಆತು!" ಎಂದೆ.

"ಇರ್ಲಿ ಬಿಡ್ರಿ, ಇನ್ನೊಮ್ಮಿ ಹೊಂದ್ರಿ."

ಬೇರೆ ಬೇರೆ ಹೆಸರಿನಲ್ಲಿ ಸಹಿ ಹಾಕಿ ಒಬ್ಬರನ್ನೊಬ್ಬರು ಐದೈದು ಸಲ ಉದ್ಧಾರ ಮಾಡಿದೆವು.

ನೆಹರು ನಗರದ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಅಜ್ಜಿಯೊಬ್ಬಳು ಅಷ್ಟು ಹೊತ್ತೂ ನಮ್ಮ ಬಾಜು ನಿಂತಿದ್ದಳು.

"ನಿಮ್ಮ ಉದ್ಧಾರ ಮುಗದಿದ್ರ ನನಗಿಷ್ಟು ಜಾಗಾ ಕೊಡ್ರೆಪಾ."

ನಾಚಿ ಎದ್ದೆ. ಕುಳಿತು ಉಸಿರುಬಿಟ್ಟು ಅವಳೇ ಕೇಳಿದಳು: "ಈಗ ಹೇಳು, ಯಾರಂವಾ ನಿಮ್ಮ ಯೇಸು?"

ಖಾನಾಪುರ ಬರುವವರೆಗೆ ನಿಂತೇ ಹೇಳಿದೆ. ಖರೇ ಕೇಳಿದವಳು ಅವಳೊಬ್ಬಳೇ. ಫಾರ್ಮಿನಲ್ಲಿ ಅವಳಿಗೆ ಜಾಗ ಉಳಿದಿರಲಿಲ್ಲ.

ಸಭೆಯ ಬಂಧುಗಳೇ, ಈ ಭಾನುವಾರ ನಿಮ್ಮ ಕೈಗೂ ಆ ಫಾರ್ಮು ಬರುತ್ತದೆ. ಹಿರಿಯರ ಎದುರಿಗೇ ಹರಿದುಹಾಕಿ.